ನಾಲ್ಕು ಬೈಟು ಖಾಲಿ ಜಾಗ

ತೂಕದ ಯಂತ್ರದ ತಟ್ಟೆಯ ಮೇಲೆ ಇದ್ದದ್ದು ಹಲಸಿನಂತೆ ಮೈತುಂಬ ಮುಳ್ಳಿರುವ, ಎರಡು ಕಿಲೋದ ಒಂದು ದುರಿಯನ್ ಹಣ್ಣು. ಪರದೆ ತೋರಿಸಿದ್ದು ಎಂಟುನೂರ ಐವತ್ತೊಂಬತ್ತು ಕೋಟಿ ಕಿಲೋ.

"ಏನಪ್ಪಾ ಎಂಗ್ ಸೂನ್, ಇದನ್ನ ಹೊತ್ಕೊಂಡು ಬಂದ್ರೂ ನನ್ನ ಸೊಂಟ ನೆಟ್ಟಗೇ ಇದೆಯಲ್ಲೋ!" ಎಂದರು ತೋಟದ ಯಜಮಾನರಾದ ಕೂ ಅಂಕಲ್.

ಎಂಗ್ ಸೂನ್‌ಗೆ ನಗು ಬರಲಿಲ್ಲ. ಪೆನಾಂಗ್ ಗುಡ್ಡದ ಹಿಂದಿನ ಈ ತೋಟಕ್ಕೆ ಯಂತ್ರ ಕೂರಿಸಿದ್ದು ಅವನ ಕಂಪನಿ. ಅದನ್ನು ಕಂಪ್ಯೂಟರಿಗೆ ಜೋಡಿಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ಬರೆದವನು ಅವನು. ಪ್ರೀತಿಸಿದ್ದು ಅಂಕಲ್ ಮಗಳು ಹೂಯ್ ಚಿನ್‌ಳನ್ನು. "ಇವತ್ತು ಯಂತ್ರ ಸರಿಯಾಗಿ ತೂಗಲಿ, ಸಂಜೆ ಊಟದ ಹೊತ್ತಿಗೆ ಮದುವೆ ಮಾತಾಡೋಣ" ಎಂದಿದ್ದರು ಅಂಕಲ್.

ಕಾರಣ ಅವನಿಗೆ ಬೇಗನೆ ಹೊಳೆಯಿತು. ಹಣ್ಣಿನ ದರ್ಜೆ, ತೂಕ ಎರಡನ್ನೂ ಡ್ರೈವರ್ ಒಂದೇ ಕಟ್ಟಿನಲ್ಲಿ ಕಳಿಸುತ್ತದೆ. ಹೊಸ ಕಂಪ್ಯೂಟರನ್ನು ಒಳಗಿಂದ ನಡೆಸುವ ಕರ್ನಲ್‌ಗೆ ಒಂದು ಮಡಿ: ತೂಕದಂಥ ದೊಡ್ಡ ಸಂಖ್ಯೆ ಎಂಟೆಂಟು ಬೈಟಿನ ಗಡಿಯಲ್ಲೇ ಕೂರಬೇಕು. ಅದಕ್ಕಾಗಿ ದರ್ಜೆಗೂ ತೂಕಕ್ಕೂ ನಡುವೆ ನಾಲ್ಕು ಬೈಟು ಖಾಲಿ ಬಿಡುತ್ತದೆ. ಪರದೆಯ ಹಳೆಯ ಪ್ರೋಗ್ರಾಮಿಗೆ ಆ ಮಡಿಯಿಲ್ಲ. ಅದು ಖಾಲಿ ಜಾಗವನ್ನೂ ತೂಕವೆಂದೇ ಓದಿಬಿಟ್ಟಿತ್ತು.

ಎಂಗ್ ಸೂನ್ ಡ್ರೈವರಿನಿಂದ ಆ ಖಾಲಿ ಜಾಗ ತೆಗೆದುಹಾಕಿದ. ಮೂಲೆಯಲ್ಲಿ ನಾಸಿ ಲೆಮಾಕ್ ಅನ್ನದ ಪೊಟ್ಟಣ ಬಿಚ್ಚಿ ಕೂತಿದ್ದವಳು ಪರದೆಯ ಪ್ರೋಗ್ರಾಮ್ ಬರೆದ ಯಾತಿಯಕ್ಕ. ಹುಡುಗನ ಮದುವೆ ತಪ್ಪಬಾರದು ಎಂಬ ಕರುಣೆಯಿಂದ, ಯಾರಿಗೂ ಹೇಳದೆ, ಅವಳು ತನ್ನ ಪ್ರೋಗ್ರಾಮಿನಲ್ಲಿ ನಾಲ್ಕು ಬೈಟು ಖಾಲಿ ಜಾಗ ಸೇರಿಸಿದಳು.

ಹಣ್ಣು ಇಟ್ಟರು. ತೂಕ ಸೊನ್ನೆ.

"ಆಗ ಗುಡ್ಡ, ಈಗ ಗಾಳಿ!" ಅಂಕಲ್ ಮಗಳ ಕಡೆ ತಿರುಗಿದರು. "ಇವನನ್ನೇನಾ ನೀನು ಬುದ್ಧಿವಂತ ಅಂದಿದ್ದು?"

ಹೂಯ್ ಚಿನ್ ಮುಖ ಬಾಡಿತು. ಅದನ್ನು ನೋಡಿ ಎಂಗ್ ಸೂನ್‌ಗೆ ಅವಳ ಮೇಲಿನ ಬೈಗುಳ ತಪ್ಪಿಸಬೇಕೆನಿಸಿತು. ಅಂಕಲ್ ಹಿಂದೆಯೇ ಅಂಗಳಕ್ಕೆ ಹೋಗಿ, "ಅವಳನ್ನ ಬೈಬೇಡಿ ಅಂಕಲ್. ನನಗೆ ಮದುವೆಗಿದುವೆ ಏನೂ ಬೇಡ" ಎಂದುಬಿಟ್ಟ. ಅವನು ಒಳಗೆ ಬರುವಾಗ ಹೂಯ್ ಚಿನ್ ಅಪ್ಪನಿಗೆ ಕಾಫಿ ಹಿಡಿದು ಎದುರಾದಳು, ಮುಖ ಎತ್ತಲಿಲ್ಲ.

"ಅಕ್ಕಾ, ಡ್ರೈವರ್ ಸರಿ ಮಾಡಿದ್ನಲ್ಲ, ಸೊನ್ನೆ ಹೇಗೆ ಬಂತು?"

"ಅಯ್ಯೋ, ನೀನೂ ಮಾಡಿದ್ಯಾ? ನಾನೂ ಮಾಡಿದೆ! ಈಗ ನನ್ನ ಪ್ರೋಗ್ರಾಮು ತೂಕವನ್ನೇ ದಾಟಿ ಓದ್ತಿದೆ!"

ಯಾತಿಯಕ್ಕ ನಾಲಿಗೆ ಕಚ್ಚಿಕೊಂಡು ತಾನು ಸೇರಿಸಿದ್ದನ್ನು ತೆಗೆದಳು. ತಪ್ಪು ತನ್ನದೇ ಎಂದುಕೊಂಡು ಅದೇ ಹೊತ್ತಿಗೆ ಅವನೂ ತಾನು ತೆಗೆದದ್ದನ್ನು ವಾಪಸ್ ಸೇರಿಸಿದ. ಪರದೆಯ ಮೇಲೆ ಮತ್ತೆ ಎಂಟುನೂರ ಐವತ್ತೊಂಬತ್ತು ಕೋಟಿ.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಎರಡೂ ಕೈಯಲ್ಲಿ ಆ ಹಣ್ಣು ಹಿಡ್ಕೊಂಡು ನಿಂತಿರಿ. ನಾನು ಮುಗಿಸೋ ತನಕ ಬಿಡಬೇಡಿ, ಕೀಬೋರ್ಡ್ ಮುಟ್ಟಬೇಡಿ."

"ಮುಳ್ಳು ಚುಚ್ಚುತ್ತಲ್ಲೋ!"

"ಚುಚ್ಚಲಿ!"

ಯಾತಿಯಕ್ಕ ಅಯ್ಯಯ್ಯೋ ಎನ್ನುತ್ತಲೇ ನಿಂತಳು. ಈ ಸಲ ಡ್ರೈವರ್ ಮಾತ್ರ ಬದಲಾಯಿತು. ಪರದೆ ಎರಡು ಕಿಲೋ ಎಂದಿತು. ಇನ್ನೊಂದು ಹಣ್ಣು, ಮತ್ತೊಂದು ಹಣ್ಣು, ಎಲ್ಲವೂ ಸರಿ. ಅಂಕಲ್ ತಮ್ಮ ಹಳೇ ತಕ್ಕಡಿಯಲ್ಲೂ ತೂಗಿ ನೋಡಿ ಎಂಗ್ ಸೂನ್‌ನ ಬೆನ್ನು ತಟ್ಟಿದರು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಅಂಕಲ್ ನಿಟ್ಟುಸಿರು ಬಿಟ್ಟರು. "ಒಳ್ಳೇ ಹುಡುಗ ಕಣಯ್ಯ ನೀನು. ಬೆಳಿಗ್ಗೇನೇ ಒಪ್ಪಿಕೊಂಡಿದ್ದೆ, ಸುಮ್ನೆ ಆಟ ಆಡಿಸ್ತಿದ್ದೆ. ಏನ್ಮಾಡೋದು, ಮಧ್ಯಾಹ್ನ ನೀನು ಬಂದು ಮದುವೆ ಬೇಡ ಅಂದೆ."

"ಅಂಕಲ್, ಅದು ಬರೀ..."

"ನೀನೊಬ್ಬನೇ ಅಂದಿದ್ರೆ ಸಂಕೋಚ ಅಂತ ಬಿಡ್ತಿದ್ದೆ. ನಿನ್ನ ಹಿಂದೇನೇ ಇವಳು ಕಾಫಿ ತಂದು, 'ಅಪ್ಪಾ, ಅವನನ್ನ ಬೈಬೇಡಿ, ನನಗೆ ಈ ಮದುವೆ ಬೇಡ' ಅಂದ್ಲು. ಇಬ್ಬರೂ ಬೇಡ ಅಂದ್ಮೇಲೆ ಬಲವಂತ ಮಾಡೋಕೆ ನಾನ್ಯಾರು? ಇವಳ ಸೋದರತ್ತೆಗೆ ಫೋನ್ ಮಾಡಿಬಿಟ್ಟೆ. ಭಾನುವಾರ ಬೇರೆ ಹುಡುಗ ಬರ್ತಾನೆ."

ಎಂಗ್ ಸೂನ್ ಹೂಯ್ ಚಿನ್‌ಳನ್ನು ನೋಡಿದ. ಅವಳು ಅವನನ್ನು ನೋಡಿದಳು. ಕೈಗೆಲ್ಲ ಮುಲಾಮು ಹಚ್ಚಿಕೊಂಡಿದ್ದ ಯಾತಿಯಕ್ಕ ಇಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡಳು. "ಯಾರಾದ್ರೂ ಒಬ್ಬರು ಸರಿ ಮಾಡ್ರೋ! ಒಬ್ಬರೇ!"

"ಅಂಕಲ್..."

"ಅಪ್ಪಾ..."

ಎರಡೂ ಒಟ್ಟಿಗೇ ಬಂದವು. ಅವಳು ಹೇಳಲಿ ಎಂದು ಅವನು ಸುಮ್ಮನಾದ. ಅವನು ಹೇಳಲಿ ಎಂದು ಅವಳೂ ಸುಮ್ಮನಾದಳು.

ಅಂಕಲ್ ಆ ಎರಡು ಕಿಲೋದ ಹಣ್ಣನ್ನು ಸೀಳಿ, ಒಂದೇ ತಟ್ಟೆಯಲ್ಲಿಟ್ಟು ಇಬ್ಬರ ನಡುವೆ ಸರಿಸಿದರು.

"ತಿನ್ನಿ. ಭಾನುವಾರಕ್ಕೆ ಇನ್ನೂ ಟೈಮ್ ಇದೆ. ಅಷ್ಟರೊಳಗೆ ಯಾರು ಹೇಳೋದು ಅಂತ ತೀರ್ಮಾನ ಮಾಡ್ಕೊಳ್ಳಿ."