ಬ್ರಾಹ್ಮೀ ಮುಹೂರ್ತದ ತಣ್ಣೀರು

ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಚೆನ್ನಾಗಿರಬೇಕು ಎಂದು ದೊಡ್ಡವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಬೇಕಾಗುವುದು ಅಲಾರಾಂ ಗಡಿಯಾರ. ಹಾಗೆಂದು ನಾನು ಹುಟ್ಟು ಸುಳ್ಳುಗಾರನೇನಲ್ಲ. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್ ಕುರ್ಚಿ ಸವೆಸಿದವನು. ಏನೂ ನಡೆಯದ ಕಡತದ ಮೇಲೆ ‘ವಿಷಯ ಪರಿಶೀಲನೆಯಲ್ಲಿದೆ’ ಎಂದು ಬರೆದಿರಬಹುದು, ಆದರೆ ಅದನ್ನು ಸುಳ್ಳು ಎನ್ನಲಾಗದು, ಅದು ಇಲಾಖೆಯ ಭಾಷೆ. ಮನೆಯಲ್ಲಂತೂ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಮಾತೇ ಇಲ್ಲ, ಹೆಂಡತಿ ವಿಮಲಾ ಇದ್ದಾಳೆ. ಹೀಗಿದ್ದೂ ನನ್ನ ಜೀವಮಾನದ ಅತಿ ದೊಡ್ಡ ಸುಳ್ಳನ್ನು ಒಂದು ಜುಲೈ ಸಂಜೆ, ಕೋಡುಬಳೆ ಕಡಿಯುತ್ತಾ, ಯಾರ ಬಲವಂತವೂ ಇಲ್ಲದೆ ಹೇಳಿಬಿಟ್ಟೆ.

ನಮ್ಮದು ವಸಂತ್ ಕುಂಜ್‌ನಲ್ಲಿ ಮೂರನೇ ಮಹಡಿಯ ಫ್ಲಾಟು. ಹತ್ತಿರದ ವಿಶ್ವವಿದ್ಯಾಲಯಕ್ಕೆ ನಾರ್ವೆಯಿಂದ ಆರು ತಿಂಗಳ ಎಕ್ಸ್‌ಚೇಂಜ್ ಮೇಲೆ ಒಬ್ಬ ಹುಡುಗಿ ಬಂದಿದ್ದಾಳೆ, ಹಾಸ್ಟೆಲ್ಲಿನಲ್ಲಿ ಜಾಗವಿಲ್ಲ, ಇಟ್ಟುಕೊಳ್ಳುತ್ತೀರಾ ಎಂದು ಪರಿಚಯದ ಮೇಷ್ಟ್ರೊಬ್ಬರು ಕೇಳಿದರು. “ಪಾಪ, ಅಷ್ಟು ದೂರದಿಂದ ಬಂದಿದೆ ಮಗು, ಇರಲಿ ಬಿಡಿ” ಅಂದಳು ವಿಮಲಾ. ಮಗು ಬಂದಾಗ ತಲೆ ಬಗ್ಗಿಸಿಕೊಂಡು ಬಾಗಿಲೊಳಗೆ ನುಗ್ಗಬೇಕಾಯಿತು. ಹೆಸರು ಇಂಗಾ. ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ಕು. ಒಂದು ಭಾರತೀಯ ಕುಟುಂಬದ ದಿನಚರಿಯ ಮೇಲೆ ಅವಳು ದೊಡ್ಡ ಪ್ರಬಂಧ ಬರೆಯಬೇಕಂತೆ. ಅದು ಪಾಸಾದರೆ ಈ ಆರು ತಿಂಗಳು ಅವಳ ಡಿಗ್ರಿಯಲ್ಲಿ ಜಮೆಯಾಗುತ್ತದೆ, ಇಲ್ಲವಾದರೆ ಒಂದು ವರ್ಷ ಮಣ್ಣುಪಾಲು.

ಕಾಫಿ ಮುಗಿಯುವ ಮೊದಲೇ ಪೆನ್ಸಿಲ್ ಹಿಡಿದು, “ಅಂಕಲ್, ನೀವು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಿಜವೆಂದರೆ ನಾನು ಏಳುವುದು ಏಳೂಕಾಲಿಗೆ, ಅದೂ ವಿಮಲಾ ಫ್ಯಾನ್ ಆರಿಸಿದ ಮೇಲೆ. ಆದರೆ ಎದುರಿಗೆ ನಾರ್ವೆ ದೇಶವೇ ಪೆನ್ಸಿಲ್ ಹಿಡಿದು ಕೂತಿದೆ. ಭಾರತದ ಮರ್ಯಾದೆಯ ಪ್ರಶ್ನೆ! ನಮ್ಮ ತಂದೆ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಬಾವಿಕಟ್ಟೆಯ ಮೇಲೆ ತಣ್ಣೀರು ಸುರಿದುಕೊಂಡು, ಮಡಿಯುಟ್ಟು ಜಪಕ್ಕೆ ಕೂರುತ್ತಿದ್ದದ್ದು ನೆನಪಾಯಿತು. ತಂದೆಯ ಆಸ್ತಿ ಮಗನಿಗೆ ಬರುವುದಾದರೆ ದಿನಚರಿ ಯಾಕೆ ಬರಬಾರದು? “ನಾಲ್ಕೂವರೆಗೆ ಏಳುತ್ತೇನೆ. ವರ್ಷವಿಡೀ ತಣ್ಣೀರು ಸ್ನಾನ” ಎಂದೆ. ಅಡುಗೆಮನೆಯಲ್ಲಿ ಜಾಲರಿಸೌಟಿನ ಸದ್ದು ನಿಂತಿತು. ಹನ್ನೊಂದನೇ ಕ್ಲಾಸಿನ ಮಗ ಕಾರ್ತೀಕ, “ಪಪ್ಪಾ, ಸಚ್ ಮೇ?” ಎಂದು, ನಿಜವಾ ಎಂಬಂತೆ ಕಣ್ಣರಳಿಸಿದ. ಅವನಿಗೆ ಇನ್ನೊಂದು ಕೋಡುಬಳೆ ಕೊಟ್ಟು ಬಾಯಿ ಮುಚ್ಚಿಸಿದೆ.

ಅಷ್ಟಕ್ಕೆ ಮುಗಿದಿದ್ದರೆ ನಾನು ಬಚಾವಾಗುತ್ತಿದ್ದೆ. ಇಂಗಾಳ ಮುಖ ಅರಳಿತು. ಅವಳ ಊರಿನಲ್ಲೂ ಚಳಿಗಾಲದಲ್ಲಿ ಸರೋವರದ ಹಿಮಗಡ್ಡೆ ಕೊರೆದು ಆ ನೀರಿನಲ್ಲಿ ಮುಳುಗಿ ಏಳುತ್ತಾರಂತೆ. ಸಂಶೋಧನೆ ಮಾಡುವವರು ದೂರ ನಿಂತು ನೋಡಬಾರದು, ತಾವೂ ಮಾಡಬೇಕಂತೆ. “ನಿಮ್ಮ ಸ್ನಾನ ಮುಗಿದ ಮೇಲೆ, ನಾಲ್ಕೂಮುಕ್ಕಾಲಿಗೆ, ನಾನು!” ಎಂದು ಬರೆದುಕೊಂಡಳು.

ಮೊದಲ ಮೂರು ತಿಂಗಳು ದೇವರು ಕಾಪಾಡಿದ. ಬೇಸಿಗೆ ಕಳೆದರೂ ದೆಹಲಿಯ ತಾರಸಿಯ ಟ್ಯಾಂಕಿನಲ್ಲಿ ತಣ್ಣೀರೆಂಬುದೇ ಇರುವುದಿಲ್ಲ. ದಸರೆಯವರೆಗೂ ನಲ್ಲಿಯಲ್ಲಿ ಬರುವುದು ಬೆಚ್ಚಗಿನ ನೀರೇ. ನಿದ್ದೆಗೆಟ್ಟದ್ದೊಂದು ಬಿಟ್ಟರೆ ನಾನು ಪ್ರಾಮಾಣಿಕವಾಗಿಯೇ ಸ್ನಾನ ಮಾಡಿದೆ. ಆಫೀಸಿನಲ್ಲಿ ಮಧ್ಯಾಹ್ನ ಕಡತದ ಮೇಲೆ ತಲೆಯಿಟ್ಟು ಮಲಗಿದೆ, ಅದನ್ನು ಅಲ್ಲಿ ಯಾರೂ ವಿಶೇಷವೆಂದು ಗಮನಿಸಲಿಲ್ಲ.

ದೀಪಾವಳಿ ಕಳೆಯಿತು ನೋಡಿ, ನಲ್ಲಿ ತನ್ನ ನಿಜರೂಪ ತೋರಿಸಿತು. ಒಂದು ಬೆಳಿಗ್ಗೆ ಚೆಂಬನ್ನು ಎತ್ತಿದವನು ಹಾಗೇ ನಿಂತೆ. ಗೀಸರ್ ಹಾಕೋಣವೆಂದರೆ ಅದರ ಕೆಂಪು ದೀಪ ಬಾತ್‌ರೂಮಿನ ಹೊರಗಿದೆ, ಪ್ಯಾಸೇಜಿನಲ್ಲಿ ಇಂಗಾ ಟವೆಲ್ ಹಿಡಿದು ಕಾಯುತ್ತಿರುತ್ತಾಳೆ. ಕೊನೆಗೆ ಉಪಾಯ ಹೊಳೆಯಿತು. ಒಂದು ಬಕೆಟ್‌ನಿಂದ ಚೆಂಬಿನಲ್ಲಿ ನೀರೆತ್ತಿ ಇನ್ನೊಂದು ಬಕೆಟ್‌ಗೆ ಧಬಧಬ ಸುರಿಯುವುದು, ಗಟ್ಟಿಯಾಗಿ ಗಂಗೆ ಯಮುನೆಯರ ಶ್ಲೋಕ ಹೇಳುವುದು, ನಡುನಡುವೆ ‘ಹಾ’ ಎಂದು ಉಸಿರುಬಿಡುವುದು. ವಸಂತ್ ಕುಂಜ್‌ನ ನೀರಿನ ಕಷ್ಟ ಬಲ್ಲವನಾದ್ದರಿಂದ ಒಂದೇ ಬಕೆಟ್ ನೀರನ್ನು ಇಡೀ ವಾರ ಬಳಸಿದೆ. ಆಮೇಲೆ ಮುಖಕ್ಕೂ ಕಾಲಿಗೂ ಕಾಗೆ ಸ್ನಾನ, ಮೈಗೆ ಧಾರಾಳವಾಗಿ ಪೌಡರು. ಆಫೀಸಿನಲ್ಲಿ ಪಕ್ಕದ ಮೇಜಿನ ಗುಪ್ತಾಜಿ ನವೆಂಬರ್ ಕೊನೆಗೆ ತಮ್ಮ ಕುರ್ಚಿಯನ್ನು ಕಿಟಕಿಯ ಕಡೆಗೆ ಸರಿಸಿಕೊಂಡರು.

ನಾಲ್ಕೂಮುಕ್ಕಾಲಿಗೆ ಇಂಗಾ ಒಳಗೆ ಹೋದರೆ ನೀರಿನ ಧಬಧಬ, ಜೊತೆಗೆ ನಾರ್ವೆಯ ಯಾವುದೋ ಹಾಡು. ಕೇಳಿ ನನಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು. ನನ್ನ ಮಾತು ನಂಬಿ ಆ ಹೆಣ್ಣುಮಗು ಕೊರೆಯುವ ನೀರು ಹೊಯ್ದುಕೊಳ್ಳುತ್ತಿದೆ, ನಾನು ಒಣಗಿಕೊಂಡು ಕೂತಿದ್ದೇನೆ. ಹೇಳಿಬಿಡೋಣವೆಂದರೆ ಐದು ತಿಂಗಳ ನೋಟ್‌ಬುಕ್ಕು ವ್ಯರ್ಥ, ಅವಳ ಒಂದು ವರ್ಷವೂ ವ್ಯರ್ಥ.

ಡಿಸೆಂಬರಿನಲ್ಲಿ ಇಂಗಾ ಕುಣಿಯುತ್ತಾ ಬಂದಳು. ನಾರ್ವೆಯಿಂದ ಅವಳ ಪ್ರೊಫೆಸರಮ್ಮ ಬರುತ್ತಿದ್ದಾರೆ, ಪ್ರಬಂಧ ಒಪ್ಪುವ ಮೊದಲು ಸ್ನಾನವನ್ನು ಕಣ್ಣಾರೆ ನೋಡಬೇಕಂತೆ, ಫೋಟೋ ತೆಗೆಯಬೇಕಂತೆ. ಬಾತ್‌ರೂಮಿನಲ್ಲಿ ಅದಾಗದು. “ತಾರಸಿ ಇದೆಯಲ್ಲ ಅಂಕಲ್?”

ಭಾನುವಾರ ಬೆಳಿಗ್ಗೆ. ಮಂಜು ಎಷ್ಟಿತ್ತೆಂದರೆ ತಲೆಯ ಮೇಲೆ ವಿಮಾನದ ಸದ್ದಿತ್ತು, ವಿಮಾನವಿರಲಿಲ್ಲ. ಪ್ರೊಫೆಸರಮ್ಮ ಎರಡು ಕೋಟು ಹಾಕಿಕೊಂಡು ನಿಂತಿದ್ದರು. ಕೆಳಮನೆಯ ಖುರಾನಾ ಮಂಕಿ ಕ್ಯಾಪ್ ತೊಟ್ಟು, ಚಹಾದ ಲೋಟದೊಂದಿಗೆ ಹಾಜರು. ರಾತ್ರಿಯೇ ತುಂಬಿಸಿಟ್ಟಿದ್ದ ಎರಡು ಬಕೆಟ್‌ಗಳು ನನ್ನನ್ನೇ ಕಾಯುತ್ತಿದ್ದವು. ಪಂಚೆಯುಟ್ಟು ಬರಿಮೈಯಲ್ಲಿ ನಿಂತಾಗ ನನಗೆ ತಂದೆಯ ಮೇಲೆ ಮೊದಲ ಸಲ ಅಪಾರ ಗೌರವವೂ, ಸ್ವಲ್ಪ ಸಿಟ್ಟೂ ಬಂತು. ಕಣ್ಣು ಮುಚ್ಚಿ ಒಂದು ಚೆಂಬು ಸುರಿದುಕೊಂಡೆ. ಬಾಯಿಂದ ಶ್ಲೋಕ ಬರಬೇಕಿತ್ತು. ಬಂದ ಸದ್ದು ಯಾವ ವೇದದಲ್ಲೂ ಇಲ್ಲ.

“ಅರೇ ಭಾಯಿ ಸಾಹಬ್, ಬಸ್ ಕೀಜಿಯೇ, ಹಾರ್ಟ್ ಫೇಲ್ ಹೋ ಜಾಯೇಗಾ!” ಎಂದು ಖುರಾನಾ, ಸಾಕು ನಿಲ್ಲಿಸಿ ಎಂಬಂತೆ ಕೈಯಾಡಿಸುತ್ತಾ ಕೂಗಿದರು.

ನನ್ನದು ಹೇಗೋ ಮುಗಿಯಿತು. ಇಂಗಾಳ ಸರದಿ. ಸಲ್ವಾರ್ ಕಮೀಜ್ ತೊಟ್ಟು ನಗುನಗುತ್ತಾ ಚೆಂಬೆತ್ತಿದಳು, ಸುರಿದುಕೊಂಡಳು. ಮರುಕ್ಷಣ ಇಡೀ ಬ್ಲಾಕಿಗೆ ಕೇಳುವಂತೆ, “ಅಯ್ಯಯ್ಯೋ, ಸತ್ತೆ ವಿಮಲಾಂಟೀ!” ಎಂದು ಅಚ್ಚ ಕನ್ನಡದಲ್ಲಿ ಕಿರುಚಿದಳು. ಚೆಂಬು ಉರುಳಿಕೊಂಡು ಟ್ಯಾಂಕಿನ ಕೆಳಗೆ ಹೋಯಿತು. ನಾವಿಬ್ಬರೂ ಹಲ್ಲು ಕಟಕಟಿಸುತ್ತಾ ಒಬ್ಬರನ್ನೊಬ್ಬರು ನೋಡಿದೆವು. ಐದು ತಿಂಗಳಲ್ಲಿ ನಾವು ಇಷ್ಟು ಚೆನ್ನಾಗಿ ಒಬ್ಬರಿಗೊಬ್ಬರು ಅರ್ಥವಾಗಿರಲಿಲ್ಲ. ಪ್ರೊಫೆಸರಮ್ಮ ಮಾತ್ರ ಕಿರುಚಾಟವೂ ಮಂತ್ರವೇ ಎಂದುಕೊಂಡು ಭಕ್ತಿಯಿಂದ ಬರೆದುಕೊಂಡರು.

ಕೆಳಗೆ ಬಂದರೆ ವಿಮಲಾ ಮೆಣಸಿನ ಕಷಾಯದ ಎರಡು ಲೋಟ ಹಿಡಿದು ನಿಂತಿದ್ದಳು.

“ಎರಡು ಯಾಕೆ? ಇಂಗಾಗೆ ತಣ್ಣೀರು ಅಭ್ಯಾಸವಿದೆಯಲ್ಲ” ಎಂದೆ, ಕೊನೆಯ ಪ್ರಯತ್ನವಾಗಿ.

“ದೀಪಾವಳಿಯಿಂದ ದಿನಾ ಎರಡು ಟವೆಲ್ ತಂತಿ ಮೇಲೆ ಹಾಕ್ತಿದೀನಿ ಕಣ್ರೀ. ಎರಡೂ ಹಪ್ಪಳದ ಹಾಗೆ ಗರಿಗರಿ. ನನಗೇನು ಕಣ್ಣಿಲ್ವಾ?”

“ಮತ್ತೆ ಹೇಳಬಾರದಿತ್ತಾ?”

“ಇಬ್ರೂ ಅಷ್ಟು ಶ್ರದ್ಧೆಯಿಂದ ಮಾಡ್ತಿದ್ರಿ. ಯಾಕೆ ಕೆಡಿಸ್ಲಿ ಅಂತ.”

ಪ್ರೊಫೆಸರಮ್ಮ ಹೊರಟ ಮೇಲೆ ಇಂಗಾ ಕಂಬಳಿಯೊಳಗಿಂದ ತಪ್ಪೊಪ್ಪಿಕೊಂಡಳು. ಹಿಮಗಡ್ಡೆ ಕೊರೆದು ಮುಳುಗುತ್ತಿದ್ದವನು ಅವಳ ಅಜ್ಜನಂತೆ. ಇವಳು ದಡದಲ್ಲಿ ಟವೆಲ್ ಹಿಡಿದು ನಿಲ್ಲುತ್ತಿದ್ದಳಂತೆ. ನಮ್ಮನೆಯಲ್ಲಿ ಅವಳೂ ಎರಡು ಬಕೆಟ್ ವಿದ್ಯೆಯನ್ನೇ ಸಾಧಿಸಿದ್ದಳು. ‘ಅಂಕಲ್‌ಗೆ ಬೇಜಾರಾಗಬಾರದಲ್ಲ’ ಎಂದು. ಈಗ ಪ್ರಬಂಧದಲ್ಲಿ ನಿಜ ಬರೆದರೆ ಇಬ್ಬರ ಮಾನವೂ ಹೋಗುತ್ತದೆ, ಏನು ಮಾಡಲಿ ಎಂದು ಕೇಳಿದಳು. ಅನುಭವಸ್ಥ ನೌಕರನಾಗಿ ಸಲಹೆ ಕೊಟ್ಟೆ: ಕಡತದಲ್ಲಿ ಒಮ್ಮೆ ದಾಖಲಾದದ್ದನ್ನು ಕೆದಕಬಾರದು. ಇಂಗಾ ಮೊದಲ ದರ್ಜೆಯಲ್ಲಿ ಪಾಸಾದಳು. ಅವಳು ಹೊರಟ ದಿನ ವಿಮಲಾ ಕುಂಕುಮವಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನ ನಾಲ್ಕೂವರೆಗೆ ನನಗೆ ತಾನಾಗಿಯೇ ಎಚ್ಚರವಾಯಿತು. ಪ್ಯಾಸೇಜಿನಲ್ಲಿ ಯಾರೂ ಇಲ್ಲದ್ದು ನೆನಪಾಗಿ ಮನಸ್ಸಿಗೆ ಕಷ್ಟವಾಯಿತು.

ಮುಂದಿನ ಜುಲೈ. ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ನಾರ್ವೆಯ ಇಬ್ಬರು ಹುಡುಗಿಯರು, ಕೈಯಲ್ಲಿ ಇಂಗಾಳ ಪ್ರಬಂಧ, ನನ್ನ ಸ್ನಾನದ ಪುಟಕ್ಕೆ ಹಳದಿ ಗೆರೆ. ಅಲ್ಲಿ ಈಗ ಅದು ಪಾಠವಂತೆ. “ಅಂಕಲ್, ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ?” ಎಂದರು.

ಸತ್ಯ ಹೇಳಲು ದೇವರು ಎರಡನೇ ಅವಕಾಶ ಎಲ್ಲರಿಗೂ ಕೊಡುವುದಿಲ್ಲ. ವಿಮಲಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಗಂಟಲು ಸರಿಪಡಿಸಿಕೊಂಡೆ.

“ನಾಲ್ಕೂವರೆಗೆ” ಎಂದೆ.

ಹುಡುಗಿಯರು ಪೆನ್ಸಿಲ್ ತೆಗೆದರು. ವಿಮಲಾ ಹತ್ತಿರ ಬಂದು ಮೆಲ್ಲಗೆ, “ಅಲ್ರೀ, ದಸರೆ ಆದ್ಮೇಲೆ ಏನ್ಮಾಡ್ತೀರಿ?” ಅಂದಳು.

“ವಿಷಯ ಪರಿಶೀಲನೆಯಲ್ಲಿದೆ” ಎಂದೆ.