ಮುದಿ ಪಿಕಪ್ಪಿಗೆ ದಮ್ಮು ತುಂಬುವ ಯೋಜನೆ

ಅಥವಾ ಆ ಪಿಕಪ್ಪು ಬಿಳಿ ಬಣ್ಣದ್ದಾಗಿರಲೇ ಇಲ್ಲವೇನೋ. ಬಿಳಿ ಎಂದು ಇಷ್ಟು ವರ್ಷ ಧೈರ್ಯದಿಂದ ಹೇಳುತ್ತ ಬಂದಿದ್ದೇನೆ. ಮೊನ್ನೆ ಊಟಕ್ಕೆ ಕೂತಾಗ ನನ್ನ ಹೆಂಡತಿ, ಅದು ತಿಳಿ ನೀಲಿ, ತನ್ನ ಒಂದು ಸೀರೆಗೆ ಸರಿಯಾಗಿ ಹೊಂದುತ್ತಿತ್ತು ಎಂದಳು. ತೀರ್ಪಿಗಾಗಿ ತಮ್ಮ ಭೀಮುಗೆ ಫೋನು ಮಾಡಿದೆ. ಅವನು ಬಹಳ ಹೊತ್ತು ಯೋಚಿಸಿ, ಯಾವ ಬಾಗಿಲಿನ ಬಣ್ಣ ಕೇಳುತ್ತಿದ್ದೀ ಎಂದು ನನ್ನನ್ನೇ ತಿರುಗಿ ಕೇಳಿದ. ನೆನಪೆಂದರೆ ಹತ್ತು ಗ್ಯಾರೇಜುಗಳಲ್ಲಿ ಬಿಚ್ಚಿ ಜೋಡಿಸಿದ ಎಂಜಿನ್ನು. ಪ್ರತಿ ಸಲವೂ ಜೋಡಿಸಿದ ಮೇಲೆ ಒಂದೆರಡು ಬೋಲ್ಟು ನೆಲದ ಮೇಲೆ ಉಳಿಯುತ್ತವೆ, ಗಾಡಿ ಮಾತ್ರ ಹೇಗೋ ಓಡುತ್ತಿರುತ್ತದೆ. ಆದ್ದರಿಂದ ಮುಂದೆ ನಾನು ಹೇಳುವುದರಲ್ಲಿ ಏನಾದರೂ ಗಡಗಡ ಸದ್ದು ಕೇಳಿದರೆ ಗಾಬರಿಯಾಗಬೇಡಿ. ಪಿಕಪ್ಪು ಒಂದಿತ್ತು, ಅದು ಡೀಸೆಲ್ ಕುಡಿಯುತ್ತಿತ್ತು, ಅದಕ್ಕೆ ವಯಸ್ಸಾಗಿತ್ತು: ಈ ಮೂರಕ್ಕೆ ಮಾತ್ರ ನಾನು ಜವಾಬ್ದಾರ.

ನಾನು ಆಗ ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಅಗರಖೇಡದ ಕಡೆ ನಮ್ಮದು ನಿಂಬೆ ತೋಟ, ಅದರಾಚೆ ಸ್ವಲ್ಪ ಜೋಳದ ಹೊಲ. ನೋಡಿಕೊಳ್ಳುತ್ತಿದ್ದವನು ಭೀಮು. ಒಕ್ಕಲುತನದ ವಿಷಯದಲ್ಲಿ ಮನೆಯಲ್ಲಿ ನನ್ನ ಸ್ಥಾನ ಗೋಡೆಯ ಮೇಲಿನ ಹಿರಿಯರ ಫೋಟೋದ್ದು. ಗೌರವ ಉಂಟು, ಯಾರೂ ಏನೂ ಕೇಳುವುದಿಲ್ಲ. ಔಷಧದ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆ ಎಂದು ಓದಿ ಹೇಳುವುದಕ್ಕೆ ಕರೆಯುತ್ತಿದ್ದರು, ಓದಿ ಹೇಳಿದ ಮೇಲೆ ತಮಗೆ ತಿಳಿದಷ್ಟು ಹಾಕುತ್ತಿದ್ದರು. ಇಡೀ ಜನ್ಮದಲ್ಲಿ ತೋಟದ ಸಲುವಾಗಿ ನಾನು ಒಬ್ಬನೇ ಮಾಡಿದ ಒಂದೇ ತೀರ್ಮಾನವೆಂದರೆ ಈ ಪಿಕಪ್ಪು. ಭೀಮು ಜ್ವರ ಹಿಡಿದು ಮಲಗಿದ್ದಾಗ ಸೊಲ್ಲಾಪುರಕ್ಕೆ ಹೋಗಿ, ಗಾಲಿಗಳನ್ನು ಒದ್ದು ನೋಡಿ, ತಿಳಿದವನಂತೆ ತಲೆಯಾಡಿಸಿ ತಂದಿದ್ದೆ. ಜ್ವರ ಬಿಟ್ಟು ಎದ್ದು ಬಂದ ಭೀಮು ಅದರ ಸುತ್ತ ಒಂದು ಸುತ್ತು ಹಾಕಿ, ಮತ್ತೆ ಒಳಗೆ ಹೋಗಿ ಮಲಗಿದ.

ಆ ಗಾಡಿಗೆ ಸಪಾಟು ನೆಲದಲ್ಲಿ ಯಾವ ದೋಷವೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಸಪಾಟು ನೆಲಕ್ಕೇನೂ ಬರವಿಲ್ಲ. ಆದರೆ ನಮ್ಮ ಜೋಳದ ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಒಂದು ಏರು. ಗೊಬ್ಬರದ ಚೀಲ ಹೇರಿಕೊಂಡು ಆ ಏರಿಗೆ ಬಂದರೆ ಪಿಕಪ್ಪು ಅರ್ಧಕ್ಕೆ ನಿಂತು, ಕರಿ ಹೊಗೆ ಬಿಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ಭೀಮು ಕನ್ನೊಳ್ಳಿಯ ಗಿರಾಕಿಯೊಬ್ಬನನ್ನು ಗೊತ್ತುಮಾಡಿಕೊಂಡು ಬಂದ. ಅವನ ಹೊಲದ ದಾರಿಯಲ್ಲಿ ಏರೇ ಇರಲಿಲ್ಲವಂತೆ. ಗಾಡಿ ಹೋದರೆ ಹೋಗಲಿ, ಅದರ ಜೊತೆಗೆ ತೋಟದಲ್ಲಿ ನನಗಿದ್ದ ಅಷ್ಟಿಷ್ಟು ಬಾಯಿಯೂ ಹೋಗುತ್ತಿತ್ತಲ್ಲ. ಮಾರಿಬಿಟ್ಟಿದ್ದರೆ ಮುಂದಿನ ಮೂವತ್ತು ವರ್ಷ, ನಾನು ಏನಾದರೂ ಹೇಳಲು ಬಾಯಿ ತೆರೆದಾಗಲೆಲ್ಲ ಮನೆಯವರು ಕನ್ನೊಳ್ಳಿಯ ದಿಕ್ಕಿಗೆ ನೋಡುತ್ತಿದ್ದರು. ಅದಕ್ಕಾಗಿ, ಗಾಡಿ ಮಾರುವುದು ಬೇಡ, ಅದರ ದಮ್ಮು ಹೆಚ್ಚಿಸೋಣ ಎಂದೆ.

"ಹೆಚ್ಚಸಣ್ಣಾ," ಎಂದ ಭೀಮು. "ಎಳ್ಳಮಾಸಿ ದಿನ ಮನಿಮಂದಿನ್ನೆಲ್ಲಾ ಕುಂಡ್ರಿಸಿಕೊಂಡು ಆ ಏರು ಏರಸು. ಏರಿದ್ರ ಗಾಡಿ ನಮ್ಮದು. ನಿಂತ್ರ ಮರುದಿನ ಕನ್ನೊಳ್ಳಿದು."

ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹಬ್ಬ. ಆಗ ಶುರುವಾಯಿತು ನನ್ನ ಯೋಜನೆ. ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮೋಟಾರು ವಾಹನಗಳ ಒಂದು ಹಳೆಯ ಪತ್ರಿಕೆ ಕೊಂಡು ತಂದು, ಪಾಠದ ಪುಸ್ತಕದೊಳಗೆ ಇಟ್ಟುಕೊಂಡು ಓದಿದೆ. ಟರ್ಬೊ ಎಂಬ ವಿಸ್ಮಯ ನನಗೆ ತಿಳಿದದ್ದು ಆಗಲೇ. ಎಂಜಿನ್ನು ಹೊರಗೆ ಬಿಟ್ಟ ಹೊಗೆಯಿಂದಲೇ ಒಂದು ಸಣ್ಣ ಪಂಖ ತಿರುಗಿಸಿ, ಆ ಪಂಖದ ಬಲದಿಂದ ಇನ್ನಷ್ಟು ಗಾಳಿಯನ್ನು ಒಳಗೆ ನುಗ್ಗಿಸುವುದು. ನಮ್ಮ ಕಾಲೇಜಿನಲ್ಲಿ ಒಂದು ಸಮಿತಿಯಿಂದ ಹೊರಹಾಕಿದವರನ್ನೇ ಕೂಡಿಸಿ ಇನ್ನೊಂದು ಸಮಿತಿ ಮಾಡುತ್ತಿದ್ದರಲ್ಲ, ಹಾಗೆ. ಸ್ಟಾಫ್ ರೂಮಿನಲ್ಲಿ ವಿಷಯ ತೆಗೆದೆ. ಭೌತಶಾಸ್ತ್ರದವರು ಬೋರ್ಡಿನ ಮೇಲೆ ಒಂದು ಇಳಿಜಾರು ಬರೆದು, ಘರ್ಷಣೆ ಇಲ್ಲವೆಂದು ಭಾವಿಸೋಣ ಎಂದರು. ಘರ್ಷಣೆ ಇಲ್ಲವೆಂದು ಭಾವಿಸಿದ್ದರಿಂದ ಗಾಡಿ ಬೋರ್ಡಿನಲ್ಲೂ ಹಿಂದಕ್ಕೆ ಜಾರಿತು. ಮುದ್ದೇಬಿಹಾಳದ ನನ್ನ ಷಡ್ಡಕನಿಗೆ ಫೋನು ಮಾಡಿದರೆ ಅಗಲ ಟೈರು ಹಾಕಿಸಿರಿ ಎಂದ. ಬಸವನ ಬಾಗೇವಾಡಿಯಲ್ಲಿ ಲಾರಿ ಇಟ್ಟಿದ್ದ ನನ್ನ ಮಾವನವರು ಎಲ್ಲವನ್ನೂ ಕೇಳಿಸಿಕೊಂಡು, ಅಳಿಯಂದಿರು ಏರು ಬಂದಾಗ ಗಾಡಿಯನ್ನು ರಿವರ್ಸಿನಲ್ಲಿ ಹತ್ತಿಸಿ ನೋಡಿದ್ದಾರೋ ಹೇಗೆ ಎಂದು ಮಗಳ ಮೂಲಕ ಕೇಳಿಸಿದರು. ಇದು ಉಪಾಯವೋ ಗೇಲಿಯೋ ಎಂದು ಅವಳನ್ನು ಕೇಳಿದೆ. ಅಪ್ಪ ಹಾಗೆಲ್ಲ ಬಿಡಿಸಿ ಹೇಳುವವರಲ್ಲ ಎಂದಳು.

ಮಿಸ್ತ್ರಿ ಕಲ್ಲಪ್ಪನ ಗ್ಯಾರೇಜು ಹೊರ್ತಿಯ ದಾರಿಯಲ್ಲಿತ್ತು. ಇಲ್ಲ ಎಂಬ ಪದ ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಟರ್ಬೊ ಕೂಡಿಸಬೇಕು ಎಂದೆ, ಕೂಡಿಸೂಣ್ರಿ ಸರ್ ಎಂದ. ಡೀಸೆಲ್ ಪಂಪು ಬಿಗಿ ಮಾಡಿ ಎಣ್ಣೆ ಜಾಸ್ತಿ ಬಿಡಿಸಬೇಕು ಎಂದೆ, ಬಿಡಸೂಣ್ರಿ ಸರ್ ಎಂದ. ನನ್ನ ಪತ್ರಿಕೆಯ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, ಇದು ಹುಬ್ಬಳ್ಳಿಯ ಗುಜರಿಯಲ್ಲಿ ರಾಶಿಗಟ್ಟಲೆ ಬಿದ್ದಿದೆ ಎಂದ. ಎಷ್ಟೋ ವಾರ ನಾನು ಕಾಲೇಜು ಬಿಟ್ಟ ಕೂಡಲೇ ಅಲ್ಲಿಗೆ ಹೋಗಿ ಒಂದು ಹಳೆಯ ಸೀಟಿನ ಮೇಲೆ ಕೂತು ಚಹಾ ಕುಡಿದು ಬಂದೆ. ಟರ್ಬೊ ಹುಬ್ಬಳ್ಳಿಯಿಂದ ಹೊರಟಿತ್ತು, ವಿಜಯಪುರಕ್ಕೆ ಬಂದಿತ್ತು, ಯಾರದೋ ಮದುವೆಯ ಸಲುವಾಗಿ ಅಲ್ಲೇ ಉಳಿದಿತ್ತು. ಬರುಬರುತ್ತ ಅದು ನಮ್ಮ ದೂರದ ಸಂಬಂಧಿಕನ ಹಾಗೆ ನನಗೆ ಪರಿಚಯವಾಗಿಬಿಟ್ಟಿತು. ಈ ಹೊತ್ತಿಗೂ ನಾನು ಅದರ ಮುಖ ನೋಡಿಲ್ಲ.

ಅಮಾವಾಸ್ಯೆ ಹತ್ತಿರ ಬಂದಾಗ ನನಗೆ ದಿಗಿಲಾಗಿ, ಏನಾದರೂ ಮಾಡು ಮಾರಾಯ ಎಂದು ಬೇಡಿಕೊಂಡೆ. ಕಲ್ಲಪ್ಪ ಗಂಭೀರನಾಗಿ, "ಇದಕ್ಕ ಉಸರ ಕಟ್ಟೈತ್ರಿ ಸರ್. ಮೊದಲ ಉಸರಾಡಾಕ ಬಿಡೂಣು," ಎಂದು ಗಾಳಿಯ ಫಿಲ್ಟರು ಬದಲಿಸಿ, ಸೈಲೆನ್ಸರು ಕಿತ್ತು, ಅದರ ಜಾಗದಲ್ಲಿ ಬೋರ್‌ವೆಲ್ಲಿಗೆ ಇಳಿಸುವಂಥ ದಪ್ಪ ಪೈಪೊಂದನ್ನು ಬೆಸುಗೆ ಹಾಕಿದ. ತಿಂಗಳುಗಟ್ಟಲೆ ಮಾಡಿದ ಯೋಜನೆಯ ಪೈಕಿ ಕಾರ್ಯರೂಪಕ್ಕೆ ಬಂದದ್ದು ಇಷ್ಟೇ. ಆದರೆ ಸದ್ದು! ಸದ್ದಿನಲ್ಲಿ ಆ ಗಾಡಿಗೆ ನಾಲ್ಕು ಗಾಡಿಯ ಶಕ್ತಿ ಬಂದಿತ್ತು. ಮೊದಲ ದಿನ ಓಣಿಯಲ್ಲಿ ತಂದು ನಿಲ್ಲಿಸಿದಾಗ ಎದುರು ಮನೆಯವರು ಬೋರ್ ಹೊಡೆಯುವ ಲಾರಿ ಬಂದಿತೆಂದು ಹೊರಗೆ ಬಂದು, ಎಲ್ಲಿ ನೀರು ತೋರಿಸಿದೆ ಎಂದು ಕೇಳಿದರು. ನಾನು ಓಡಿಸುವಾಗ ಒಳಗೆ ಕೂತು, ಇಷ್ಟು ಸದ್ದು ಸುಮ್ಮನೆ ಬಂದೀತೇ, ಒಳಗೆ ಬಲ ಇರಲೇಬೇಕು ಎಂದು ತರ್ಕ ಮಾಡಿಕೊಂಡೆ. ಇತಿಹಾಸದ ಮೇಷ್ಟ್ರು ಹಾಗೆ ನಂಬಬಾರದಿತ್ತು.

ಎಳ್ಳಮಾಸಿಯ ದಿನ ಎಲ್ಲರೂ ಹತ್ತಿದರು. ಹಿಂದೆ ನೆಲಕ್ಕೆ ಜಮಖಾನ ಹಾಸಿ, ಸಜ್ಜೆ ರೊಟ್ಟಿಯ ಬುಟ್ಟಿ, ಕಡಬಿನ ಬುಟ್ಟಿ, ಬದನೆಕಾಯಿ ಪಲ್ಯ, ಮೊಸರಿನ ಗಡಿಗೆ, ಅವುಗಳ ನಡುವೆ ಇದ್ದ ಜಾಗದಲ್ಲಿ ಹೆಂಗಸರು, ಹೆಂಗಸರು ಬಿಟ್ಟ ಜಾಗದಲ್ಲಿ ಓಣಿಯವರು. ಮಧ್ಯದಲ್ಲಿ ದೊಡ್ಡವ್ವ, ಎಂದರೆ ನಮ್ಮ ತಂದೆಯ ಅಣ್ಣನ ಹೆಂಡತಿ, ಮನೆಗೆಲ್ಲ ಹಿರಿಯಳು. ಕ್ಯಾಬಿನ್ನಿನಲ್ಲಿ ನಾನು, ಪಕ್ಕದಲ್ಲಿ ಪರೀಕ್ಷಾಧಿಕಾರಿ ಭೀಮು. ಯಾರೂ ಕೆಳಗಿಳಿಯಬಾರದು, ಇವತ್ತು ಗಾಡಿಯ ಪರೀಕ್ಷೆ ಇದೆ ಎಂದು ಅವನೇ ಎಲ್ಲರಿಗೂ ಕೂಗಿ ಹೇಳಿದ. ನನ್ನ ಪೈಪಿನ ದೆಸೆಯಿಂದ ಅದು ಯಾರಿಗೆ ಕೇಳಿಸಿತೋ ತಿಳಿಯದು.

ಹಳ್ಳ ದಾಟಿದೆ. ಏರು ಎದುರಾಯಿತು. ಎರಡನೆಯ ಗೇರಿಗೋ ಮೊದಲನೆಯ ಗೇರಿಗೋ ಹಾಕಿ ಎಕ್ಸಲರೇಟರನ್ನು ನೆಲಕ್ಕೆ ಒತ್ತಿದೆ. ಪೈಪು ಗರ್ಜಿಸಿತು. ಗಾಡಿ ಮುಂದಕ್ಕೆ ಹೋಗುತ್ತಿತ್ತು. ನಿಧಾನವಾಗಿ, ಆದರೆ ಹೋಗುತ್ತಿತ್ತು ಎಂದೇ ನನ್ನ ನೆನಪು. ಅಷ್ಟರಲ್ಲಿ ತಲೆಯ ಹಿಂದೆ ದೊಡ್ಡವ್ವ ತಗಡು ಬಡಿದ ಸದ್ದು.

"ನಿಂದ್ರಸೋ. ಪಾಪ, ಹೆಂಗ ತೇಕಾಕತ್ತೈತಿ ನೋಡು. ಇಳೀರೆ ಎಲ್ಲಾರೂ."

ಏರು ಬಂದಾಗ ಗಾಡಿಯಲ್ಲಿ ಕೂತಿರುವುದು ನಮ್ಮ ಕಡೆ ಒಳ್ಳೆಯ ಮನೆತನದವರ ಲಕ್ಷಣವಲ್ಲ. ಇದನ್ನು ಯಾರೂ ಕಲಿಸುವುದಿಲ್ಲ. ಎತ್ತು ಕೊರಳು ಬಗ್ಗಿಸಿದ್ದು ಕಂಡರೆ ಕಾಲು ತಾವಾಗಿ ನೆಲ ಹುಡುಕುತ್ತವೆ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ದೊಡ್ಡವ್ವಾ, ಇದು ಎತ್ತಲ್ಲ, ಎಂಜಿನ್ನು, ಕುಂಡ್ರು ಎಂದು ಕೂಗಿದೆ.

"ಎತ್ತಾದ್ರ ಮೂಕಪ್ರಾಣಿ, ಸುಮ್ಮನ ಎಳಿತೈತಿ," ಎಂದಳು ದೊಡ್ಡವ್ವ, ಆಗಲೇ ಒಂದು ಕಾಲು ಹೊರಗೆ ಹಾಕಿ. "ಇದು ಒದರಿ ಒದರಿ ಹೇಳಾಕತ್ತೈತಿ. ನಿನಗ ಕೇಳವಲ್ದು."

ಅವಳು ಇಳಿದ ಮೇಲೆ ಯಾರು ಕೂತಾರು? ಹೆಂಗಸರು ಇಳಿದರು, ಓಣಿಯವರು ಇಳಿದರು. ಭೀಮು ಸಿಟ್ಟಿನಿಂದ ಬಾಗಿಲು ತೆರೆದು, ಕುಂಡ್ರರಿ, ಕುಂಡ್ರರಿ ಎನ್ನುತ್ತ ತಾನೂ ಇಳಿದ. ಮತ್ತೆ ನಾನು ಕನ್ನಡಿಯಲ್ಲಿ ನೋಡಿದಾಗ ಅವನು ಒಂದು ದೊಡ್ಡ ಕಲ್ಲು ಎತ್ತಿಕೊಂಡು, ಗಾಡಿ ಹಿಂದೆ ಸರಿದರೆ ಗಾಲಿಗೆ ಕೊಡಲು, ಬಗ್ಗಿಕೊಂಡು ನಡೆಯುತ್ತಿದ್ದ. ನಾನೂ ಇಳಿದು ನಡೆದೆ ಎಂದು ನನ್ನ ಹೆಂಡತಿ ವಾದಿಸುತ್ತಾಳೆ. ಹಾಗಾದರೆ ಗಾಡಿ ಓಡಿಸಿದವರು ಯಾರು ಎಂದರೆ, ಅದನ್ನು ನೀವೇ ನೆನಪು ಮಾಡಿಕೊಳ್ಳಿ ಎನ್ನುತ್ತಾಳೆ.

ಪಿಕಪ್ಪು ರೊಟ್ಟಿ, ಕಡಬು, ಮೊಸರುಗಳ ಸಮೇತ ಏರು ಹತ್ತಿ ನಿಂತಿತು. ಸುತ್ತ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಕಲ್ಲನ್ನು ಇನ್ನೂ ಹಿಡಿದುಕೊಂಡೇ ಏದುಸಿರು ಬಿಡುತ್ತ ಭೀಮು ಬಂದ.

"ಏರಿತು ನೋಡು," ಎಂದೆ.

"ಗಾಡಿ ಏರಿತು, ಮಂದಿ ನಡಕೊಂತ ಏರಿದ್ರು. ಇದು ಲೆಕ್ಕಕ್ಕಿಲ್ಲಣ್ಣಾ. ಕೆಳಗ ಇಳಸು, ಮತ್ತ ಕುಂಡ್ರಿಸಿಕೊಂಡು ಏರಸೂಣು."

ಮೊದಲು ಚರಗ ಚೆಲ್ಲೋಣ, ಉಣ್ಣೋಣ, ಆಮೇಲೆ ಬೇಕಾದರೆ ದಿನವಿಡೀ ಏರಿಸಿ ಇಳಿಸಿರಿ ಎಂದಳು ದೊಡ್ಡವ್ವ. ಹೊಲದ ಸುತ್ತ ಭೂಮಿತಾಯಿಗೆ ಎಡೆ ಚೆಲ್ಲಿ ಬಂದೆವು, ಬನ್ನಿ ಗಿಡದ ನೆರಳಿಗೆ ಉಂಡೆವು. ಸಜ್ಜೆ ಕಡಬು, ಅದರ ಮೇಲೆ ಗಟ್ಟಿ ಮೊಸರು. ಅದನ್ನು ಉಂಡವನಿಗೆ ಯಾವ ಪರೀಕ್ಷೆಯ ನೆನಪೂ ಉಳಿಯುವುದಿಲ್ಲ. ಭೀಮು ಟವೆಲ್ಲು ಮುಖಕ್ಕೆ ಹಾಕಿಕೊಂಡು ಮಲಗಿದ. ನಾನು ಮಲಗಲಿಲ್ಲ. ಅವನು ಎದ್ದು, ನಡಿ ಅಣ್ಣಾ, ಎಂದುಬಿಟ್ಟರೆ ಹೇಗೆ ಎಂದು ಗಾಡಿಯನ್ನೇ ನೋಡುತ್ತ ಕೂತಿದ್ದೆ. ಎದ್ದವನು ಹೊತ್ತಾಯಿತು, ಮನೆಗೆ ಹೋಗೋಣ ಎಂದ. ಮನೆಯ ಕಡೆಗೆ ದಾರಿ ಇಳಿಜಾರು. ಎಲ್ಲರೂ ಹತ್ತಿ ಕೂತರು, ದೊಡ್ಡವ್ವ ಎಲ್ಲರಿಗಿಂತ ಮೊದಲು.

ಮರುದಿನ ಕನ್ನೊಳ್ಳಿಯ ಮಾತು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾರ ಕಳೆದ ಮೇಲೆ ಭೀಮು ಬಂದು, ಹಳೆಯ ನಿಂಬೆ ಗಿಡಗಳನ್ನು ಕಡಿಯೋಣವೋ ಇನ್ನೊಂದು ವರ್ಷ ಬಿಡೋಣವೋ, ನಿನಗೇನು ಅನಿಸುತ್ತದೆ ಎಂದು ಕೇಳಿದ. ಅವನು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಬಿಡೋಣ ಎಂದೆ. ಸಂಜೆಯೊಳಗೆ ಕಡಿಸಿದ. ಆದರೂ ಕೇಳಿದ್ದನಲ್ಲ.

ಅವನು ಪಂದ್ಯ ಮರೆತಿದ್ದನೋ, ನನಗಾಗಿ ಬಿಟ್ಟುಕೊಟ್ಟನೋ, ಕಲ್ಲು ಹಿಡಿದು ನಡೆದ ಪರೀಕ್ಷಾಧಿಕಾರಿ ಎಂದು ನಗುತ್ತಾರೆಂದು ಸುಮ್ಮನಾದನೋ, ನಾನು ಕೇಳಿಲ್ಲ. ಕೇಳಿದರೆ ಹೇಳಿಬಿಟ್ಟಾನು. ಮುಂದೆ ಆ ಗಾಡಿ ನಮ್ಮಲ್ಲಿದ್ದಷ್ಟು ದಿನವೂ ಏರಿನ ಬುಡಕ್ಕೆ ಬಂದ ಕೂಡಲೇ ಮಂದಿ ಇಳಿದೇ ನಡೆದರು, ಗೊಬ್ಬರದ ಚೀಲಗಳನ್ನು ಭೀಮು ಅರ್ಧರ್ಧ ಮಾಡಿ ಹೇರತೊಡಗಿದ. ಮಂದಿ ಕೂತೇ ಇದ್ದಿದ್ದರೆ ಅದು ಏರುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.