ರಜೆಗೊಂದು ಹಲ್ಲು

ಹೊಟ್ಟೆನೋವು ಎಂದು ಹೇಳಬೇಕಿತ್ತು. ಮೂರು ದಿನದಿಂದ ಕನ್ನಡಿಯ ಮುಂದೆ ನಿಂತು ಗುಮಾಸ್ತ ಅಭ್ಯಾಸ ಮಾಡಿದ್ದೂ ಅದನ್ನೇ. ಆದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಎಂಟು ವರ್ಷ ಕೂತು, ದಿನವಿಡೀ ಕೆನ್ನೆ ಹಿಡಿದವರನ್ನೇ ನೋಡಿದ ಮನುಷ್ಯ. ಡಾಕ್ಟರು ಹೊರಗೆ ಬಂದು "ಏನ್ರೀ?" ಎಂದ ಕೂಡಲೇ ಹೊಟ್ಟೆಗೆ ಹೋಗಬೇಕಾದ ಕೈ ಸೀದಾ ಕೆನ್ನೆಗೆ ಹೋಯಿತು.

"ನೋವು ಸಾರ್. ತಡ್ಕೊಳೋಕಾಗ್ತಿಲ್ಲ. ಅರ್ಧ ದಿನ ರಜೆ..."

ಮಾತು ಹೊರಬಿದ್ದ ಮೇಲೆ ಅವನಿಗೆ ತಪ್ಪು ಹೊಳೆಯಿತು. ಗಂಟೆ ಹನ್ನೊಂದೂ ಮುಕ್ಕಾಲು. ಎರಡಕ್ಕೆ ಸರ್ಕಾರಿ ಕೆಲಸದ ಪರೀಕ್ಷೆ, ಒಂದೂವರೆಗೆ ಗೇಟು ಮುಚ್ಚುತ್ತಾರೆ. ಮುಂದಿನ ತಿಂಗಳಿಗೆ ಅವನ ವಯಸ್ಸಿನ ಮಿತಿ ಮುಗಿಯುತ್ತದೆ. ಇದು ತಪ್ಪಿದರೆ ಇನ್ನೊಂದಿಲ್ಲ. ಹನ್ನೊಂದು ತಿಂಗಳು ರೋಗಿಗಳ ರಿಜಿಸ್ಟರಿನ ಕೆಳಗೆ ಪುಸ್ತಕ ಅಡಗಿಸಿಟ್ಟು ಓದಿದ್ದ. ನಿಜ ಹೇಳಿ ರಜೆ ಕೇಳುವ ಹಾಗಿರಲಿಲ್ಲ. ಹಿಂದಿನ ಇಬ್ಬರು ಗುಮಾಸ್ತರು ಇಂಥದೇ ಪರೀಕ್ಷೆ ಪಾಸಾಗಿ ಕೈಕೊಟ್ಟು ಹೋದ ಮೇಲೆ, ಪರೀಕ್ಷೆ ಎಂದರೆ ಡಾಕ್ಟರಿಗೆ ಮೈಯೆಲ್ಲ ಉರಿ. ಕೆಲಸದ ಹೊತ್ತಿನಲ್ಲಿ ಗುಮಾಸ್ತನ ಫೋನು ಕೂಡ ಅವರ ಡ್ರಾಯರಿನಲ್ಲೇ ಇರಬೇಕು.

"ಹಲ್ಲುನೋವಿಗೆ ಮನೆಗೆ ಯಾಕ್ರೀ ಹೋಗ್ತೀರಾ?" ಡಾಕ್ಟರು ನಕ್ಕರು. "ಕುರ್ಚಿ ಇಲ್ಲೇ ಇದೆ, ನಾನೂ ಇಲ್ಲೇ ಇದ್ದೀನಿ."

"ಬೇಡ ಸಾರ್, ಪಾಪ ಜನ ಕಾಯ್ತಿದ್ದಾರೆ."

"ನಂದೇನೂ ಅರ್ಜೆಂಟಿಲ್ಲಪ್ಪ," ಸರದಿಯಲ್ಲಿ ಮೊದಲಿದ್ದ ತಾತ ಧಾರಾಳವಾಗಿ ಕೈ ಬೀಸಿದರು. ಇಕ್ಕಳ ನೆನೆದೇ ಅವರಿಗೆ ಜೀವ ಬಾಯಿಗೆ ಬಂದಿತ್ತು. "ಮೊದ್ಲು ನಿಂದಾಗ್ಲಿ. ಸಂಜೆವರೆಗೂ ಬೇಕಾದ್ರೆ ಕಾಯ್ತೀನಿ."

ನರ್ಸಕ್ಕ ಆಗಲೇ ತೋಳು ಹಿಡಿದಿದ್ದಳು. "ಬಾರೋ ತಮ್ಮ. ಇರುವೆ ಕಚ್ಚಿದಷ್ಟೂ ಆಗಲ್ಲ." ಇದೇ ಮಾತನ್ನು ಅವನೂ ಸಾವಿರಾರು ಜನಕ್ಕೆ ಹೇಳಿದ್ದ. ನಂಬಿದವರು ಎಂಥ ಪೆದ್ದರು ಎಂದು ಈಗ ಅನ್ನಿಸಿತು.

ಎಕ್ಸ್‌ರೇ ನೋಡಿ ಡಾಕ್ಟರ ಮುಖ ಮೆತ್ತಗಾಯಿತು. "ನಿಜ ಹೇಳ್ಬೇಕಂದ್ರೆ, ನೀವು ಸುಳ್ಳು ಹೇಳ್ತಿದ್ದೀರಿ ಅಂದ್ಕೊಂಡಿದ್ದೆ. ಕೊನೇ ದವಡೆ ಹಲ್ಲು ಪೂರ್ತಿ ಹುಳುಕು! ಇಷ್ಟು ದಿನ ಹೇಗ್ರೀ ತಡ್ಕೊಂಡ್ರಿ?"

ಆ ಹಲ್ಲು ಅವನಿಗೆ ಒಂದು ದಿನವೂ ನೋವು ಕೊಟ್ಟಿರಲಿಲ್ಲ. ಹಾಗೆ ಹೇಳಲು ಬಾಯಿ ತೆರೆದ. ತೆರೆದದ್ದೇ ತಪ್ಪಾಯಿತು, ಸೂಜಿ ಒಳಗೆ ಹೋಯಿತು.

ಕುರ್ಚಿಯ ಎದುರಿಗೇ ಗಡಿಯಾರ. ಹನ್ನೆರಡೂ ಕಾಲು. ಹನ್ನೆರಡೂವರೆ. ಬೇರು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಡಾಕ್ಟರು ಬೆವರಿದರು, ಅವನು ಅವರಿಗಿಂತ ಹೆಚ್ಚು ಬೆವರಿದ. ಹಲ್ಲು ಟಣ್ಣೆಂದು ತಟ್ಟೆಗೆ ಬಿದ್ದಾಗ ಒಂದಾಗಲು ಐದು ನಿಮಿಷವಿತ್ತು.

"ಈಗ ರಜೆ ತಗೊಳ್ಳಿ," ಎಂದರು ಡಾಕ್ಟರು. ನರ್ಸಕ್ಕ ಅವನ ಫೋನನ್ನು ಜೇಬಿಗೆ ತುರುಕಿ, ಆಟೋ ಹತ್ತಿಸಿ, ಮನೆಯ ವಿಳಾಸ ಹೇಳಿ, ಬಾಡಿಗೆಯನ್ನೂ ಕೊಟ್ಟಳು. "ದಾರೀಲಿ ಎಲ್ಲೂ ಇಳಿಸ್ಬೇಡಿ. ಬಾಯಲ್ಲಿರೋ ಹತ್ತಿ ತೆಗೆಯೋಕೆ ಬಿಡ್ಬೇಡಿ."

ಪರೀಕ್ಷೆ ಊರಿನ ಆ ತುದಿಯಲ್ಲಿ, ಮನೆ ಈ ತುದಿಯಲ್ಲಿ. ಗುಮಾಸ್ತ "ಊಂ! ಊಂ!" ಎಂದು ಹಿಂದಕ್ಕೆ ಕೈ ತೋರಿಸಿದ.

"ಗೊತ್ತು ಸ್ವಾಮಿ, ನೋವಿರತ್ತೆ," ಎಂದು ಆಟೋದವನು ಇನ್ನಷ್ಟು ಜೋರಾಗಿ ಓಡಿಸಿದ. ಎರಡು ಬೀದಿ ದಾಟಿದ ಮೇಲೆ ಗುಮಾಸ್ತ ಪ್ರವೇಶಪತ್ರ ತೆಗೆದು ಅವನ ಕಣ್ಣ ಮುಂದೆ ಹಿಡಿದ. ಆಟೋ ಗಕ್ಕನೆ ನಿಂತು, ತಿರುಗಿ, ಬಂದ ದಾರಿಯಲ್ಲೇ ಹಾರಿತು.

ಒಂದು ಇಪ್ಪತ್ತೊಂಬತ್ತಕ್ಕೆ ಗೇಟು ತಲುಪಿದರೆ, ಬೀಗ ಬಿದ್ದಿತ್ತು. ಗುಮಾಸ್ತ ಸರಳು ಹಿಡಿದು ಅಲ್ಲಾಡಿಸಿದ. ಕಣ್ಣಲ್ಲಿ ನೀರು ತುಂಬಿತು. ಹಲ್ಲಿಗೆ ಅಳದವನು ಹನ್ನೊಂದು ತಿಂಗಳಿಗೆ ಅತ್ತ.

"ಯಾಕ್ರೀ ಅಳ್ತೀರಾ?" ಕಾವಲುಗಾರ ಎದ್ದು ಬಂದ. "ಬೇರೆ ಯಾವ್ದೋ ಪರೀಕ್ಷೆ ಪೇಪರ್ ಬಂದ್ಬಿಟ್ಟಿತ್ತು. ನಾಳೆಗೆ ಮುಂದೂಡಿದ್ದಾರೆ, ಇದೇ ಹೊತ್ತಿಗೆ ಬನ್ನಿ. ಬೆಳಿಗ್ಗೆ ಹತ್ತು ಗಂಟೆಗೇ ಎಲ್ರಿಗೂ ಮೆಸೇಜ್ ಹೋಗಿದೆಯಲ್ಲ!"

ಗುಮಾಸ್ತ ಫೋನು ತೆಗೆದ. ಮೆಸೇಜು ಇತ್ತು. ಹೋದ ಜೀವ ಬಂದಂತಾಯಿತು. ನಾಳೆ ಏನಾದರಾಗಲಿ, ಹೊಟ್ಟೆನೋವೇ. ಕೆನ್ನೆಯ ಮೇಲಿದ್ದ ಕೈಯನ್ನು ಎತ್ತಿ ಹೊಟ್ಟೆಯ ಮೇಲಿಟ್ಟುಕೊಂಡ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಡಾಕ್ಟರು.

"ಮನೆ ಸೇರಿದ್ರಾ? ಎಕ್ಸ್‌ರೇ ಇನ್ನೊಂದ್ಸಲ ನೋಡ್ದೆ ಕಣ್ರೀ. ಆ ಕಡೆ ಹಲ್ಲೂ ಹಾಗೇ ಇದೆ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಹೆಸ್ರು ನಾನೇ ರಿಜಿಸ್ಟರ್‌ನಲ್ಲಿ ಬರೆದಿಟ್ಟಿದ್ದೀನಿ. ಆಗ್ಬಹುದಾ?"

ಗುಮಾಸ್ತ ಹತ್ತಿ ತುಂಬಿದ ಬಾಯಲ್ಲಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದ:

"ಊಂ! ಊಂ!"

"ಒಳ್ಳೇದು," ಎಂದು ಡಾಕ್ಟರು ಫೋನಿಟ್ಟರು.